ಚೋಕ್ ವೈರ್‌ನಿಂದ ಹೊಗೆ ಬಂದರೆ ಚೋಕ್ ಕೆಟ್ಟಿದೆ ಅಂತಲ್ಲ

ಪ್ರಶ್ನೆ: ಅಣ್ಣಾ ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರ, ಮನೆಯವರದು ರೈಸ್ ಮಿಲ್. ಎರಡು ವರ್ಷದ ಹಿಂದೆ ಮಿಲಿಟರಿ ಹರಾಜಿನಲ್ಲಿ ಬಂದ ಹಳೇ ಪೆಟ್ರೋಲ್ ಜೀಪ್ ಒಂದನ್ನ ಮೂರನೇ ಕೈಯಿಂದ ತಗೊಂಡೆ. ಮೊದಲು ಅದರಲ್ಲಿ ವೈರ್‌ಲೆಸ್ ಸೆಟ್ ಇತ್ತಂತೆ. ಎರಡು ಬ್ಯಾಟರಿ, 24 ವೋಲ್ಟ್. ಆಗ ಚೆನ್ನಾಗೇ ಸ್ಟಾರ್ಟ್ ಆಗ್ತಿತ್ತು. ಹೋದ ವರ್ಷ ಬಾಡಿ ಇಳಿಸಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದೆ, ಅಲ್ಲಿಂದ ಶುರುವಾಯ್ತು ನೋಡ್ರಿ. ಸೆಲ್ಫ್ ಹೊಡೆದ್ರೆ ಕಟಕಟ ಅಂತದೆ, ಇಲ್ಲಾಂದ್ರೆ ಎಳೆದು ಎಳೆದು ತಿರುಗ್ತದೆ. ಒಂದು ವರ್ಷದಲ್ಲಿ ಎರಡು ಜೊತೆ ಬ್ಯಾಟರಿ ಹೋಯ್ತು. ಎರಡೂ ಸಲ ಒಂದೇ ಕಡೆಯ ಬ್ಯಾಟರಿ ಮೊದಲು ಸತ್ತಿದ್ದು, ಇನ್ನೊಂದರಲ್ಲಿ ನೀರು ಬೇಗ ಖಾಲಿ. ಹೋದ ವಾರ ಸೆಲ್ಫ್ ಸ್ವಲ್ಪ ಜಾಸ್ತಿ ಹೊತ್ತು ಒತ್ತಿದಾಗ ಚೋಕ್ ವೈರ್‌ನಿಂದ ಹೊಗೆ ಬಂತು! ಒಬ್ಬರು ಚೋಕ್‌ನಲ್ಲಿ ಶಾರ್ಟ್ ಅಂತಾರೆ, ಇನ್ನೊಬ್ಬರು ಫುಲ್ ವೈರಿಂಗ್ ಬದಲಿಸಬೇಕು ಅಂತಾರೆ, ಮತ್ತೊಬ್ಬರು 24 ತೆಗೆದು 12 ವೋಲ್ಟ್ ಮಾಡಿಕೊಡ್ತೀನಿ ಅಂತಾರೆ. ದಪ್ಪನೆ ಬ್ಯಾಟರಿ ಕೇಬಲ್ ಹಾಕಿದ್ರೆ ಸಾಕಾ? ಹಾರ್ನ್, ಎಲ್‌ಇಡಿ ಲೈಟು, ಟೇಪು ಇವನ್ನೆಲ್ಲ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳ್ಕೊಂಡು ಓಡಿಸ್ತಿದ್ದೇನೆ, ಅದರಿಂದೇನಾದ್ರೂ ತೊಂದರೆ ಇದೆಯಾ?

ಉತ್ತರ: ಮೊದಲನೇ ಮಾತು, ಮುಂದೆ ಓದುವ ಮುಂಚೆಯೇ ಹೇಳಿಬಿಡುತ್ತೇನೆ. ಇದನ್ನ ಸರಿ ಮಾಡುವ ತನಕ ಆ ಗಾಡಿಯ ಸೆಲ್ಫ್ ಮುಟ್ಟಬೇಡಿ. ಚೋಕ್ ವೈರ್ ಕಾರ್ಬುರೇಟರ್‌ಗೆ ಹೋಗುತ್ತದೆ, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಇದೆ. ವೈರ್ ಸುಡುವಷ್ಟು ಕಾದಿದೆ ಅಂದ್ರೆ ಬೆಂಕಿಗೂ ನಿಮಗೂ ನಡುವೆ ಹೆಚ್ಚು ದೂರ ಉಳಿದಿಲ್ಲ.

ಈಗ ಸಮಾಧಾನದ ಮಾತು. ನಿಮ್ಮ ಪತ್ರದಲ್ಲೇ ಉತ್ತರ ಇದೆ, ಅದೂ ಎರಡು ಕಡೆ. "ಪೇಂಟಿಂಗ್ ಮಾಡಿಸಿದೆ, ಅಲ್ಲಿಂದ ಶುರುವಾಯ್ತು" ಅಂದಿದ್ದೀರಿ. "ಒಂದೇ ಬ್ಯಾಟರಿಯಿಂದ 12 ಎಳ್ಕೊಂಡಿದ್ದೇನೆ" ಅಂದಿದ್ದೀರಿ. ಇವು ಎರಡು ಬೇರೆ ಬೇರೆ ರೋಗ. ಎರಡೂ ಒಂದೇ ಗಾಡಿಯಲ್ಲಿ ಸೇರಿಕೊಂಡಿದ್ದರಿಂದ ನೋಡಿದ ಪ್ರತಿಯೊಬ್ಬರೂ ಒಂದೊಂದು ಹೇಳುತ್ತಿದ್ದಾರೆ. ಬಳ್ಳಾರಿಯಲ್ಲಿ ಮೂವತ್ತು ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ, ಡಿಸ್ಪೋಸಲ್ ಗಾಡಿ, ಅಂದ್ರೆ ಮಿಲಿಟರಿ ಹರಾಜಿನ ಗಾಡಿ ಅಂತ ನಮ್ಮ ಹತ್ತಿರ ಬರುವುದರಲ್ಲಿ ಅರ್ಧಕ್ಕರ್ಧ ಇದೇ ಕಥೆ. ನಿಮ್ಮ ಗಾಡಿ ಕಣ್ಣಾರೆ ನೋಡದೆ ನೂರಕ್ಕೆ ನೂರು ಅನ್ನಲಾರೆ, ಆದರೆ ಚೋಕ್ ವೈರ್‌ನ ಹೊಗೆ ಬಹಳ ಗಟ್ಟಿ ಸಾಕ್ಷಿ.

ಚೋಕ್ ವಿಷಯಕ್ಕೆ ಬರೋಣ. ಅಲ್ಲಿ ಶಾರ್ಟ್ ಆಗಲಿಕ್ಕೆ ಏನೂ ಇಲ್ಲ. ನಿಮ್ಮ ಚೋಕ್ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲಿಕ್ಕೆ ಕೈಯಿಂದ ಎಳೆಯುವ ಉಕ್ಕಿನ ತಂತಿ, ಸೈಕಲ್ ಬ್ರೇಕ್ ವೈರ್ ಇದ್ದ ಹಾಗೆ. ಅದಕ್ಕೆ ಕರೆಂಟ್ ಕನೆಕ್ಷನ್ನೇ ಇಲ್ಲ. ಕನೆಕ್ಷನ್ ಇಲ್ಲದ ತಂತಿ ಯಾಕೆ ಕಾಯಿತು? ಬೇರೆ ದಾರಿ ಇಲ್ಲದೆ ಸೆಲ್ಫ್‌ನ ಕರೆಂಟ್ ಅದರ ಮೂಲಕ ವಾಪಸ್ ಹೋಗಿದ್ದರಿಂದ.

ಸೆಲ್ಫ್ ಮೋಟರ್‌ಗೆ ಪಾಸಿಟಿವ್ ದಪ್ಪನೆಯ ಕೇಬಲ್ ಬರುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ವಾಪಸ್ ಹೋಗುವ ದಾರಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಸೆಲ್ಫ್ ಬಾಡಿ ಎಂಜಿನ್‌ಗೆ ಬೋಲ್ಟ್ ಆಗಿದೆ, ಸರಿ. ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರ್‌ನಲ್ಲಿ ಕರೆಂಟ್ ಹೋಗಲ್ಲ. ಹಾಗಾಗಿ ಎಂಜಿನ್ನಿಂದ ಚಾಸಿಗೆ ಜಡೆ ಹೆಣೆದ ಹಾಗಿರುವ ಒಂದು ತಾಮ್ರದ ಪಟ್ಟಿ ಇರುತ್ತದೆ, ಅರ್ಥ್ ಪಟ್ಟಿ ಅಂತೀವಿ. ವೈರ್‌ಲೆಸ್ ಸೆಟ್ ಇದ್ದ ಮಿಲಿಟರಿ ಗಾಡಿಗಳಲ್ಲಿ ಇಂಥ ಪಟ್ಟಿಗಳು ಇನ್ನೂ ಜಾಸ್ತಿ. ಬಾನೆಟ್‌ಗೊಂದು, ಬಾಡಿಗೊಂದು, ಎಂಜಿನ್‌ಗೊಂದು. ರೇಡಿಯೋದಲ್ಲಿ ಗರಗರ ಸದ್ದು ಬರಬಾರದು ಅಂತ ಹಾಕಿದ್ದು ಅವು. ಟಿಂಕರ್ ಹುಡುಗರು ಬಾಡಿ ಇಳಿಸುವಾಗ ಇವನ್ನ ಬಿಚ್ಚುತ್ತಾರೆ. ಕಪ್ಪಾಗಿ, ಎಣ್ಣೆ ಹಿಡಿದು, ನೋಡಲಿಕ್ಕೆ ಕಸದ ಹಾಗಿರುತ್ತವೆ. ಒಂದೆರಡು ಗುಜರಿಗೆ ಹೋಗುತ್ತವೆ, ಉಳಿದವನ್ನ ವಾಪಸ್ ಹಾಕುವಾಗ ಹೊಸ ಪೇಂಟ್ ಮೇಲೇ ಬೋಲ್ಟ್ ಬಿಗಿದುಬಿಡುತ್ತಾರೆ.

ಪೇಂಟ್ ಮಾಡಿಸಿದ್ದು ನಿಮ್ಮ ತಪ್ಪಲ್ಲ. ಮಾಡಿಸಲೇಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವ ಗಾಡಿಗೂ ಆ ಮಿಲಿಟರಿ ಹಸಿರು ಬಣ್ಣ ಇರುವ ಹಾಗಿಲ್ಲ. ಅದಕ್ಕೇ ಡಿಸ್ಪೋಸಲ್ ಗಾಡಿ ತಗೊಂಡವರೆಲ್ಲ ಮೊದಲು ಪೇಂಟ್ ಅಂಗಡಿಗೆ, ಆಮೇಲೆ ನಮ್ಮ ಅಂಗಡಿಗೆ!

ಕೆಲವು ವರ್ಷದ ಹಿಂದೆ ಸಂಡೂರು ಕಡೆಯಿಂದ ಒಬ್ಬರು ಇಂಥದೇ ಗಾಡಿ ತಂದಿದ್ದರು. ಒಪ್ಪಿಕೊಳ್ಳಬೇಕು, ನಾನೂ ಮೊದಲು ಸೆಲ್ಫ್ ಬಿಚ್ಚಿದೆ. ಕಾರ್ಬನ್ ಬ್ರಷ್ ಹಾಕಿದೆ, ಬುಷ್ ಹಾಕಿದೆ, ಆರ್ಮೇಚರ್ ಲೇತ್ ಮೇಲೆ ಹಿಡಿಸಿದೆ, ದುಡ್ಡೂ ತಗೊಂಡೆ. ಎರಡನೇ ದಿನ ಅವರು ಫೋನ್ ಮಾಡಿದರು, ಮತ್ತೆ ಕಟಕಟ. ಆಮೇಲೆ ಕೆಳಗೆ ಮಲಗಿ ನೆಗೆಟಿವ್ ಕೇಬಲ್‌ನ ಬೋಲ್ಟ್ ಬಿಚ್ಚಿ ನೋಡುತ್ತೇನೆ, ಲಗ್ಗಿನ, ಅಂದ್ರೆ ಕೇಬಲ್ ತುದಿಯ ಲೋಹದ ಬಳೆಯ ಕೆಳಗೆ ಪೇಂಟ್ ಕನ್ನಡಿ ಥರ ಹೊಳೆಯುತ್ತಿದೆ. ಲಗ್ ಒಂದು ಕೂದಲೆಳೆಯಷ್ಟೂ ಕಬ್ಬಿಣಕ್ಕೆ ತಾಗಿಲ್ಲ. ಇಡೀ ಸೆಲ್ಫ್‌ನ ಕರೆಂಟ್ ಬೋಲ್ಟಿನ ಎರಡು ಮೂರು ಥ್ರೆಡ್‌ನಲ್ಲಿ ಹೋಗಿ ಹೋಗಿ ಬೋಲ್ಟ್ ನೀಲಿ ತಿರುಗಿತ್ತು. ಎಮರಿ ಪೇಪರ್‌ನಿಂದ ರೂಪಾಯಿ ಅಗಲ ಪೇಂಟ್ ಕೆರೆದು ಮತ್ತೆ ಬಿಗಿದೆ. ಮೊದಲನೇ ಹೊಡೆತಕ್ಕೆ ಸ್ಟಾರ್ಟ್. ಅವರ ಮುಖ ನೋಡಲಿಕ್ಕೆ ನಾಚಿಕೆ ಆಯ್ತು, ಸೆಲ್ಫ್ ಕೆಲಸದ ದುಡ್ಡು ವಾಪಸ್ ಕೊಟ್ಟೆ. ಅವತ್ತಿಂದ ಮೀಟರ್ ಹಿಡಿಯದೆ ಸ್ಪ್ಯಾನರ್ ಹಿಡಿಯಲ್ಲ.

ಒಂದು ಕೆಟ್ಟ ಜಾಯಿಂಟ್ ಏನು ಮಾಡುತ್ತದೆ ಅನ್ನುವ ಲೆಕ್ಕ ನೋಡಿ. ಸೆಲ್ಫ್ 150 ಆಂಪ್ಸ್ ಎಳೆಯುತ್ತಿದೆ ಅಂತಿಟ್ಟುಕೊಳ್ಳಿ. ಜಾಯಿಂಟ್‌ನಲ್ಲಿ ಒಂದು ಓಮ್‌ನ ಐವತ್ತನೇ ಒಂದು ಭಾಗ, ಅಂದ್ರೆ 20 ಮಿಲಿಓಮ್ ರೆಸಿಸ್ಟೆನ್ಸ್ ಬಂದರೂ ಅಲ್ಲೇ 3 ವೋಲ್ಟ್ ಸತ್ತು ಹೋಗುತ್ತದೆ. 3 ವೋಲ್ಟ್ ಗುಣಿಸು 150 ಆಂಪ್ಸ್, 450 ವ್ಯಾಟ್. ಹೆಚ್ಚುಕಡಿಮೆ ಅರ್ಧ ಇಸ್ತ್ರಿ ಪೆಟ್ಟಿಗೆಯ ಕಾವು ಹೆಬ್ಬೆಟ್ಟಿನಷ್ಟು ಜಾಗದಲ್ಲಿ. ನಿಮ್ಮ ಚೋಕ್ ವೈರ್‌ನಲ್ಲಿ ಆಗಿದ್ದೂ ಇದೇ ಲೆಕ್ಕ. ಅದು ಸಣ್ಣ ಉಕ್ಕಿನ ತಂತಿ, ಅಷ್ಟು ಕರೆಂಟ್ ಹೊರುವ ಶಕ್ತಿ ಅದಕ್ಕಿಲ್ಲ. ಕೆಲವು ಗಾಡಿಗಳಲ್ಲಿ ಎಕ್ಸಲೇಟರ್ ಕೇಬಲ್ ಹೀಗೆ ಕಾಯುತ್ತದೆ, ಕೆಲವದರಲ್ಲಿ ಸ್ಪೀಡೋಮೀಟರ್ ಕೇಬಲ್.

ಕಟಕಟ ಸದ್ದೂ ಇದರದ್ದೇ. ಸೆಲ್ಫ್ ಒತ್ತಿದ ತಕ್ಷಣ ಸೊಲೆನಾಯ್ಡ್, ಅಂದ್ರೆ ಸೆಲ್ಫ್‌ಗೆ ಕರೆಂಟ್ ಬಿಡುವ ಆಯಸ್ಕಾಂತದ ಸ್ವಿಚ್, ಎಳೆದುಕೊಳ್ಳುತ್ತದೆ, ಮೋಟರ್‌ಗೆ ಕರೆಂಟ್ ಹರಿಯುತ್ತದೆ, ಹರಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈ ಬಿಡುತ್ತದೆ. ಲೋಡ್ ಹೋದ ಮೇಲೆ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಬ್ಯಾಟರಿ ಇಳಿದಿದ್ದರೂ ಇದೇ ಸದ್ದು, ಅರ್ಥ್ ಕೆಟ್ಟಿದ್ದರೂ ಇದೇ ಸದ್ದು. ಅದಕ್ಕೇ ಜನ ಬ್ಯಾಟರಿ ಬದಲಿಸುತ್ತಾರೆ. ಹೊಸ ಬ್ಯಾಟರಿ ಹಾಕಿದಾಗ ಸ್ವಲ್ಪ ಜೋರಿರುತ್ತದೆ ಅಲ್ವಾ, ಆ ಕೆಟ್ಟ ದಾರಿಯಲ್ಲೂ ಹೇಗೋ ತಳ್ಳಿಕೊಂಡು ಹೋಗುತ್ತದೆ, "ನೋಡಿ, ಬ್ಯಾಟರಿನೇ ಹೋಗಿತ್ತು" ಅಂತ ಎಲ್ಲರಿಗೂ ಖುಷಿ. ಮೂರು ತಿಂಗಳಿಗೆ ಅದೇ ರಾಗ.

"ಮೀಟರ್ ಹಿಡಿದು ನೋಡಿದೆ, 25 ವೋಲ್ಟ್ ಇದೆ, ವೈರ್ ಎಲ್ಲ ಸರಿ ಇದೆ" ಅನ್ನುವವರು ಬಹಳ. ಗಾಡಿ ಸುಮ್ನೆ ನಿಂತಿರುವಾಗ 25 ತೋರಿಸುವುದಕ್ಕೆ ಕೇಬಲ್‌ನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಸಾಕು. ಟೆಸ್ಟ್ ಲ್ಯಾಂಪೂ ಅಷ್ಟೇ, ಚೆನ್ನಾಗೇ ಉರಿಯುತ್ತದೆ. ನಿಮ್ಮ ಕಡೆಯ ಮಾತಿನಲ್ಲೇ ಹೇಳಬೇಕಂದ್ರೆ, ತುಂಗಭದ್ರಾ (ಟಿಬಿ) ಡ್ಯಾಂ ತುಂಬಿದೆ ಅಂತ ಪೇಪರ್‌ನಲ್ಲಿ ಬಂದ ಮಾತ್ರಕ್ಕೆ ಎಡದಂಡೆ ಕಾಲುವೆಯ ಕೊನೇ ಭಾಗದ ಗದ್ದೆಗೆ ನೀರು ತಲುಪಿತು ಅಂತಲ್ಲ. ಮಾನ್ವಿ ಕಡೆಯವರನ್ನ ಕೇಳಿ, ಹೇಳುತ್ತಾರೆ. ನೀರು ಬಿಟ್ಟಿರುವಾಗ ತೂಬಿನ ಹತ್ತಿರ ನಿಂತು ನೋಡಬೇಕು. ಹಾಗೇ ವೈರಿಂಗ್‌ನಲ್ಲೂ, ಸೆಲ್ಫ್ ತಿರುಗುತ್ತಿರುವಾಗ ಅಳೆಯಬೇಕು.

ಅದನ್ನ ನೀವೇ ಮಾಡಬಹುದು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದು, ಸೆಲ್ಫ್ ಒತ್ತಲಿಕ್ಕೆ ಒಬ್ಬ ಹುಡುಗ, ಇಷ್ಟು ಸಾಕು. ಆದರೆ ಈ ಪರೀಕ್ಷೆಗೂ ಸೆಲ್ಫ್ ಒತ್ತಲೇಬೇಕು, ಮೊದಲೇ ಮುಟ್ಟಬೇಡಿ ಅಂದಿದ್ದೇನೆ. ಹಾಗಾಗಿ ಮೊದಲು ಕರೆಂಟ್‌ಗೆ ಒಂದು ಒಳ್ಳೇ ದಾರಿ ಮಾಡಿಕೊಡೋಣ. ದಪ್ಪನೆಯ ಜಂಪರ್ ಕೇಬಲ್ ತಗೊಂಡು, ಬಾಡಿಗೆ ಹೋಗುವ ನೆಗೆಟಿವ್ ಪೋಸ್ಟಿಗೆ ಒಂದು ತುದಿ, ಎಂಜಿನ್ ಬ್ಲಾಕ್‌ನ ಪೇಂಟ್ ಇಲ್ಲದ ಗಟ್ಟಿ ಕಬ್ಬಿಣಕ್ಕೆ ಇನ್ನೊಂದು ತುದಿ. ಎಂಜಿನ್ ಕಡೆಯದನ್ನ ಕೊನೆಗೆ ಕಚ್ಚಿಸಿ, ಕಿಡಿ ಹಾರಿದರೆ ಬ್ಯಾಟರಿಯಿಂದ ದೂರ ಹಾರಲಿ. ಇಗ್ನಿಷನ್ ಕಾಯಿಲ್‌ಗೆ (ಪ್ಲಗ್‌ಗೆ ಕಿಡಿ ಕೊಡುವುದು) ಹೋಗುವ ಸಣ್ಣ ವೈರ್ ಬಿಚ್ಚಿ ಟೇಪ್ ಸುತ್ತಿ, ಎಂಜಿನ್ ಸ್ಟಾರ್ಟ್ ಆಗಬಾರದು. ಚೋಕ್ ವೈರನ್ನ ಕಾರ್ಬುರೇಟರ್ ಕಡೆಯಿಂದ ಬಿಚ್ಚಿ ಯಾವ ಕಬ್ಬಿಣಕ್ಕೂ ತಾಗದ ಹಾಗೆ ಪಕ್ಕಕ್ಕಿಡಿ. ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಇದೆಲ್ಲ ಬೇಡವೇ ಬೇಡ, ಮೊದಲು ಸೋರಿಕೆ ನೋಡಿ.

ಈಗ ಸೆಲ್ಫ್ ಒತ್ತಿಸಿ, ಐದು ಸೆಕೆಂಡ್ ಮೀರಬಾರದು. ಗಿರ್ರನೆ ತಿರುಗಿತಾ? ರೋಗ ಸಿಕ್ಕಿತು. ನಿಮ್ಮ ಸೆಲ್ಫ್ ಚೆನ್ನಾಗಿದೆ, ಅರ್ಥ್ ಕೆಟ್ಟಿದೆ. ತಿರುಗಲಿಲ್ಲ ಅಂದ್ರೆ ಪಾಸಿಟಿವ್ ಕಡೆ, ಎರಡು ಬ್ಯಾಟರಿ ನಡುವಿನ ಜೋಡು ಕೇಬಲ್, ಬ್ಯಾಟರಿ ಕರೆಂಟ್ ಪೂರ್ತಿ ಕಡಿಯುವ ಮಾಸ್ಟರ್ ಸ್ವಿಚ್, ಸೆಲ್ಫ್ ಇವನ್ನ ಒಂದೊಂದಾಗಿ ನೋಡಬೇಕು.

ಮೀಟರನ್ನ 20 ವೋಲ್ಟ್ ಡಿಸಿಗೆ ಇಟ್ಟು ಒಂದು ಮೊನೆಯನ್ನ ಸೆಲ್ಫ್‌ಗೆ ದಪ್ಪ ಕೇಬಲ್ ಹೋಗುವ ಬ್ಯಾಟರಿಯ ಪಾಸಿಟಿವ್ ಪೋಸ್ಟಿನ ಮೇಲೇ ಒತ್ತಿ ಹಿಡಿಯಿರಿ. ಕ್ಲ್ಯಾಂಪ್ ಮೇಲೆ ಅಲ್ಲ, ಪೋಸ್ಟ್ ಮೇಲೆ. ಪೋಸ್ಟಿಗೂ ಕ್ಲ್ಯಾಂಪಿಗೂ ನಡುವೆಯೇ ಎಷ್ಟೋ ಸಲ ಕಳ್ಳ ಕೂತಿರುತ್ತಾನೆ. ಇನ್ನೊಂದು ಮೊನೆ ಸೆಲ್ಫ್‌ಗೆ ದಪ್ಪ ಕೇಬಲ್ ಬಂದು ಸೇರುವ ಸ್ಟಡ್ ಮೇಲೆ. ಸೆಲ್ಫ್ ಒತ್ತುವ ಮುಂಚೆ ಇಲ್ಲಿ ಮೀಟರ್ ಸೊನ್ನೆ ತೋರಿಸಬೇಕು. ಸೊಲೆನಾಯ್ಡ್ ಬೇರೆ ಕಡೆ ಇರುವ ಗಾಡಿಯಾದರೆ ಒತ್ತುವ ಮುಂಚೆ ಪೂರ್ತಿ ವೋಲ್ಟೇಜ್ ಕಾಣುತ್ತದೆ, ಆಗ ಮೀಟರನ್ನ ದೊಡ್ಡ ರೇಂಜ್‌ಗೆ ಇಡಿ. ಒತ್ತಿದಾಗ ಎಷ್ಟು ಬರುತ್ತದೋ ಅಷ್ಟು ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತಿದೆ ಅಂತ. 24 ವೋಲ್ಟ್ ಗಾಡಿಯಲ್ಲಿ ಅರ್ಧ ವೋಲ್ಟ್ ಒಳಗಿದ್ದರೆ ನಾನು ಬಿಟ್ಟುಬಿಡುತ್ತೇನೆ, ಒಂದು ದಾಟಿದರೆ ಬಿಚ್ಚುತ್ತೇನೆ. ಹಾಗೇ ಬಾಡಿಗೆ ಹೋಗುವ ನೆಗೆಟಿವ್ ಪೋಸ್ಟಿನಿಂದ ಎಂಜಿನ್ ಬ್ಲಾಕ್‌ಗೆ. ಜಂಪರ್ ಹಾಕಿದಾಗ ಎಷ್ಟು ಬಂತು ಬರೆದಿಟ್ಟುಕೊಳ್ಳಿ, ಪಟ್ಟಿಗಳನ್ನೆಲ್ಲ ಸರಿ ಮಾಡಿ ಜಂಪರ್ ತೆಗೆದ ಮೇಲೂ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಅರ್ಧ ವೋಲ್ಟ್ ದಾಟಿದರೆ ಇನ್ನೂ ಎಲ್ಲೋ ಪೇಂಟ್ ಉಳಿದಿದೆ. ಕೊನೆಗೆ ಮೀಟರನ್ನ ದೊಡ್ಡ ರೇಂಜ್‌ಗೆ ಇಟ್ಟು ಎರಡೂ ಬ್ಯಾಟರಿಯ ಒಟ್ಟು ವೋಲ್ಟೇಜ್ ಸೆಲ್ಫ್ ತಿರುಗುವಾಗ ಎಷ್ಟಿದೆ ನೋಡಿ. 19ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಮೇಲೂ ಅನುಮಾನ ಪಡಬೇಕು.

ಕೈ ಹಾಕುವ ಮುಂಚೆ ಉಂಗುರ, ಕಡಗ, ವಾಚ್ ಎಲ್ಲ ತೆಗೆದಿಡಿ. ನನ್ನ ಎಡಗೈ ಮಣಿಕಟ್ಟಿನಲ್ಲಿ ಸ್ಟೀಲ್ ವಾಚ್ ಚೈನಿನ ಗುರುತು ಇವತ್ತಿಗೂ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸ್ಪ್ಯಾನರ್ ಪಾಸಿಟಿವ್ ಮೇಲೆ, ಚೈನು ಬಾಡಿಗೆ. ಒಂದು ಕ್ಷಣ, ಅಷ್ಟೇ. ಬಿಚ್ಚುವಾಗ ಮೊದಲು ಬಾಡಿಗೆ ಹೋಗುವ ಕೇಬಲ್, ಹಾಕುವಾಗ ಅದೇ ಕೊನೆಗೆ. ಅರ್ಥ್ ಬಿಚ್ಚಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗಲ್ಲ. ಎರಡು ಬ್ಯಾಟರಿ ನಡುವಿನ ಜೋಡು ಕೇಬಲ್ ಬಿಚ್ಚುವಾಗ ಮಾತ್ರ ಆಗಲೂ ಎಚ್ಚರ ಬೇಕು, ಅರ್ಥ್ ತೆಗೆದಿದ್ದರೂ ಒಂದೊಂದು ಬ್ಯಾಟರಿಯ ಎರಡು ಪೋಸ್ಟ್ ನಡುವೆ 12 ವೋಲ್ಟ್ ಇದ್ದೇ ಇರುತ್ತದೆ. ಬೀಡಿ ಸಿಗರೇಟು ದೂರ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಸಾಕು ಹೊತ್ತಿಕೊಳ್ಳಲಿಕ್ಕೆ.

ಈಗ ಎರಡನೇ ರೋಗ, ಒಂದೇ ಬ್ಯಾಟರಿಯಿಂದ 12 ಎಳೆಯುವುದು. "ಏನಾಗಲ್ಲ, ಎಲ್ಲರೂ ಹಾಗೇ ಮಾಡ್ತಾರೆ" ಅಂತ ಹೇಳಿರುತ್ತಾರೆ. ಎಲ್ಲರೂ ಮಾಡುತ್ತಾರೆ ಅನ್ನುವುದು ನಿಜ, ಏನಾಗಲ್ಲ ಅನ್ನುವುದು ಸುಳ್ಳು. ಒಂದು ಜೊತೆ ಎತ್ತು ಇವೆ ಅಂತಿಟ್ಟುಕೊಳ್ಳಿ. ರಾತ್ರಿಯೆಲ್ಲ ಒಂದನ್ನ ಮಾತ್ರ ಗಾಡಿಗೆ ಕಟ್ಟಿ ಓಡಿಸಿ, ಬೆಳಿಗ್ಗೆ ಎರಡನ್ನೂ ಒಂದೇ ನೊಗಕ್ಕೆ ಹೂಡಿ, ಮೇವು ಮಾತ್ರ ಎರಡಕ್ಕೂ ಸಮ ಹಾಕಿದರೆ ಹೇಗೆ? ಸೀರೀಸ್‌ನಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಜೋಡಿಸಿ ಚಾರ್ಜ್ ಆಗುವಾಗ ಎರಡು ಬ್ಯಾಟರಿಗೂ ಹೋಗುವುದು ಒಂದೇ ಕರೆಂಟ್. ಅದರಲ್ಲೂ ಕೆಳಗಿನ ಬ್ಯಾಟರಿಯ, ಅಂದ್ರೆ ಬಾಡಿಗೆ ಸೇರಿದ, ನೀವು 12 ಎಳೆಯುವ ಬ್ಯಾಟರಿಯ ಪಾಲಿನಿಂದ ನಿಮ್ಮ ಎಲ್‌ಇಡಿ, ಟೇಪು ತಮ್ಮದನ್ನ ಕಿತ್ತುಕೊಳ್ಳುತ್ತವೆ. ಅದು ಯಾವತ್ತೂ ಫುಲ್ ಆಗಲ್ಲ. ಅರೆಹೊಟ್ಟೆಯಲ್ಲಿ ನಿಂತೂ ನಿಂತೂ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಸಾಯುತ್ತದೆ. ಮೇಲಿನದು, ಅಂದ್ರೆ ಇನ್ನೊಂದು, ಆಗಲೇ ಫುಲ್ ಆಗಿರುತ್ತದೆ, ಚಾರ್ಜಿಂಗ್ ಹತೋಟಿ ಮಾಡುವ ರೆಗ್ಯುಲೇಟರ್‌ಗೆ ಕಾಣುವುದು ಎರಡರ ಮೊತ್ತ ಮಾತ್ರ, ಹಾಗಾಗಿ ಅದು ತಳ್ಳುತ್ತಲೇ ಇರುತ್ತದೆ. ಕೆಳಗಿನದು 13ರಲ್ಲಿ, ಮೇಲಿನದು 15ರಲ್ಲಿ, ಮೊತ್ತ 28, ರೆಗ್ಯುಲೇಟರ್‌ಗೆ ಎಲ್ಲ ಸರಿ. ಮೇಲಿನದು ಕುದಿಯುತ್ತದೆ, ನೀರು ಖಾಲಿ. ನೀವು ಬರೆದಿದ್ದೂ ಇದನ್ನೇ, ಒಂದು ಸಾಯುತ್ತದೆ, ಇನ್ನೊಂದರಲ್ಲಿ ನೀರು ಇಲ್ಲ. ಅದರ ಮೇಲೆ ನಮ್ಮ ಕಡೆಯ ಬಿಸಿಲು. ಏಪ್ರಿಲ್, ಮೇನಲ್ಲಿ 40 ದಾಟಿದ ಮೇಲೆ ಬಾನೆಟ್ ಕೆಳಗಿನ ಬ್ಯಾಟರಿಯ ಕಷ್ಟ ಕೇಳಬೇಡಿ.

ಪರೀಕ್ಷೆ ಸುಲಭ. ಗಾಡಿ ಒಂದು ರಾತ್ರಿ ನಿಂತ ಮೇಲೆ ಎರಡೂ ಬ್ಯಾಟರಿಯನ್ನ ಬೇರೆ ಬೇರೆ ಅಳೆಯಿರಿ. ತುಂಬಿದ ಬ್ಯಾಟರಿ 12.6 ಆಸುಪಾಸು ತೋರಿಸಬೇಕು, 12.0 ಅಂದ್ರೆ ಬಹುಮಟ್ಟಿಗೆ ಖಾಲಿ. ಎರಡರ ನಡುವೆ ಕಾಲು ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನಾನು ಹೇಳಿದ್ದು ನಡೆಯುತ್ತಿದೆ ಅಂತ. ಇದಕ್ಕೆ ದಾರಿ, 24ನ್ನ 12 ಮಾಡುವ ಕನ್ವರ್ಟರ್. ಪುಟ್ಟ ಡಬ್ಬಿ, ಎರಡೂ ಬ್ಯಾಟರಿಯಿಂದ ಸಮನಾಗಿ ತಗೊಂಡು 12 ಕೊಡುತ್ತದೆ. ಟೇಪು, ಮೊಬೈಲ್ ಚಾರ್ಜರ್‌ಗೆ 10 ಆಂಪ್ಸ್‌ನದು ಧಾರಾಳ ಸಾಕು. ಹಾರ್ನ್, ಬಲ್ಬ್, ಲೈಟ್‌ಗೆ ಅದೂ ಬೇಡ, 24 ವೋಲ್ಟ್‌ನದೇ ತಗೊಳ್ಳಿ. ಅದಿರು ಟಿಪ್ಪರ್‌ಗಳ ಪುಣ್ಯ, ಹೊಸಪೇಟೆ, ಬಳ್ಳಾರಿಯಲ್ಲಿ 24 ವೋಲ್ಟ್ ಸಾಮಾನು ಸಿಗದ ಅಂಗಡಿ ಇಲ್ಲ. ಹೊಸ ಬ್ಯಾಟರಿ ಹಾಕುವಾಗ ಎರಡೂ ಒಂದೇ ಕಂಪನಿ, ಒಂದೇ ಸೈಜು, ಒಂದೇ ದಿನ. ಒಂದು ಹಳೇದು ಒಂದು ಹೊಸದು ಹಾಕಿ ದುಡ್ಡು ಉಳಿಸಲಿಕ್ಕೆ ಹೋದರೆ ಹೊಸದೂ ಹಳೇದರ ಹಿಂದೆಯೇ ಹೋಗುತ್ತದೆ.

ಇನ್ನು ದಪ್ಪ ಕೇಬಲ್ ಪ್ರಶ್ನೆ. ಬದಲಿಸಿ, ಆದರೆ ಪೇಂಟ್ ಕೆರೆಯದೆ ಬದಲಿಸಿದರೆ ದಂಡ. 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎರಡು ಮೀಟರ್‌ಗೆ ಸುಮಾರು ಒಂದು ಮಿಲಿಓಮ್, 150 ಆಂಪ್ಸ್‌ಗೆ ಕಳೆದುಹೋಗುವುದು 0.2 ವೋಲ್ಟ್‌ಗೂ ಕಡಿಮೆ. ನಿಮ್ಮ ಗಾಡಿಗೆ ಅದು ಸಾಕು. ಕೇಬಲ್ ಎರಡು ಮೀಟರ್ ದಾಟಿದರೆ 50 ಹಾಕಿ. ಅರ್ಥ್ ಕೇಬಲ್ಲೂ ಪಾಸಿಟಿವ್‌ನಷ್ಟೇ ದಪ್ಪ ಇರಬೇಕು, ಹೋದ ಕರೆಂಟೆಲ್ಲ ವಾಪಸ್ ಬರಲೇಬೇಕಲ್ಲ.

ಕೇಬಲ್ ತಗೊಳ್ಳುವಾಗ ಒಂದು ಮೋಸ ಇದೆ, ಹುಷಾರು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿದ್ದು ಬರುತ್ತದೆ, ನೋಡಲಿಕ್ಕೆ ಥೇಟ್ ತಾಮ್ರ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕೈಯಲ್ಲಿ ಹಿಡಿದರೂ ಹಗುರ. ಲಗ್ ತವರ ಲೇಪದ ತಾಮ್ರದ್ದೇ ಇರಲಿ, ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುವವರ ಹತ್ತಿರ ಒತ್ತಿಸಿ. ಉಳಿ ಇಟ್ಟು ಸುತ್ತಿಗೆಯಿಂದ ಗುದ್ದಿದ್ದು ಕ್ರಿಂಪಿಂಗ್ ಅಲ್ಲ. ಸೋಲ್ಡರ್ ಹಾಕಿದರೆ ಗಟ್ಟಿ ಅಂತ ಹಳಬರು ಹೇಳುತ್ತಾರೆ, ನಮ್ಮ ಗುರುಗಳೂ ಹಾಗೇ ಕಲಿಸಿದ್ದು. ಆದರೆ ಸೋಲ್ಡರ್ ಎಳೆಗಳ ನಡುವೆ ಮೇಲಕ್ಕೆ ಹೀರಿಕೊಂಡು ಕೇಬಲನ್ನ ಕಡ್ಡಿ ಮಾಡುತ್ತದೆ, ಅದು ಮುಗಿಯುವ ಜಾಗದಲ್ಲಿ ಗಾಡಿಯ ಕುಲುಕಾಟಕ್ಕೆ ಎಳೆ ಮುರಿಯುತ್ತದೆ. ಜಾಯಿಂಟ್ ಕಾದರೆ 183 ಡಿಗ್ರಿ ಆಸುಪಾಸಿನಲ್ಲಿ ಸೋಲ್ಡರೇ ಕರಗುತ್ತದೆ. ಗುರುಗಳು ಕ್ಷಮಿಸಲಿ.

"ಮಿಲಿಟರಿ ವೈರು, ಸಾಯಲ್ಲ" ಅನ್ನುವ ಮಾತೂ ಇದೆ. ಹೊಸದಾಗಿದ್ದಾಗ ಒಳ್ಳೇದೇ, ಇಲ್ಲ ಅನ್ನಲ್ಲ. ಆದರೆ ಮೂವತ್ತು ನಲವತ್ತು ವರ್ಷ ಆದ ರಬ್ಬರ್ ರಬ್ಬರಾಗಿ ಉಳಿಯಲ್ಲ. ಬ್ಯಾಟರಿ ಟರ್ಮಿನಲ್ ಹತ್ತಿರ ಒಂದು ಗೇಣು ಕೇಬಲನ್ನ ಮೆಲ್ಲಗೆ ಬಗ್ಗಿಸಿ ನೋಡಿ. ಒಳಗೆ ಮರಳು ತುಂಬಿದ ಹಾಗೆ ಕರಕರ ಅಂದರೆ ಆ್ಯಸಿಡ್ ಏರಿ ತಾಮ್ರ ಹಸಿರು ಪುಡಿ ಆಗಿದೆ ಅಂತ. ಹೊರಗಡೆ ಮಾತ್ರ ಗಟ್ಟಿಮುಟ್ಟಾಗಿ ಕಾಣುತ್ತಿರುತ್ತದೆ.

ಫುಲ್ ವೈರಿಂಗ್ ಬದಲಿಸಬೇಕಾ? ಈಗಲೇ ಬೇಡ. ಆದರೆ ಮನೆಯವರದು ರೈಸ್ ಮಿಲ್ ಅಂದಿರಿ, ಗಾಡಿ ಅಲ್ಲೇ ನಿಲ್ಲುತ್ತಿದ್ದರೆ ಇಲಿ ಹೆಗ್ಗಣಗಳಿಗೆ ಬರ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ, ಚಾಸಿ ಪಕ್ಕದಲ್ಲಿ ಟಾರ್ಚ್ ಹಾಕಿ ನೋಡಿ. ತೌಡಿನ ಉಂಡೆ, ಕಡಿದ ವೈರ್ ಚೂರು ಕಂಡರೆ ಆ ಕವಲು ಪೂರ್ತಿ ಬದಲಿಸಿ, ಟೇಪ್ ಸುತ್ತಿ ಮುಚ್ಚಬೇಡಿ. ಸೆಲ್ಫ್‌ನ ದಪ್ಪ ಕೇಬಲ್‌ಗೆ ಫ್ಯೂಸ್ ಇರಲ್ಲ, ನೆನಪಿರಲಿ. ಅದು ಚಾಸಿಯ ಅಂಚಿಗೆ ಉಜ್ಜುತ್ತಿದ್ದರೆ, ತೂತಿನ ರಬ್ಬರ್ ಬುಷ್ ಹೋಗಿದ್ದರೆ, ಅದನ್ನ ಇವತ್ತೇ ಸರಿ ಮಾಡಿ. ಇಡೀ ವೈರಿಂಗ್ ಬದಲಿಸಿದಾಗಿನ ಅಪಾಯ ಏನಂದ್ರೆ, ಹೊಸ ತಪ್ಪುಗಳು. ಹಳೇ ವೈರ್‌ಗಳ ಮೇಲೆ ನಂಬರ್ ಬಿಲ್ಲೆ ಇದ್ದರೆ ಕಿತ್ತು ಎಸೆಯಲಿಕ್ಕೆ ಬಿಡಬೇಡಿ, ಮುಂದೆ ಕೆಲಸ ಮಾಡುವವನಿಗೆ ಅದೇ ನಕ್ಷೆ.

12 ವೋಲ್ಟ್ ಮಾಡುವ ಮಾತು ನನಗೆ ಒಪ್ಪಿಗೆ ಇಲ್ಲ. ಸೆಲ್ಫ್, ಡೈನಮೋ ಅಥವಾ ಆಲ್ಟರ್ನೇಟರ್, ರೆಗ್ಯುಲೇಟರ್, ಕಾಯಿಲ್, ಮೀಟರ್‌ಗಳು, ಬಲ್ಬ್‌ಗಳು ಎಲ್ಲ ಬದಲಾಗಬೇಕು. ಅದೇ ಕೆಲಸಕ್ಕೆ ಕರೆಂಟ್ ಎರಡರಷ್ಟಾಗುತ್ತದೆ, ಅಂದ್ರೆ ಕೆಟ್ಟ ಅರ್ಥ್ ಇನ್ನೂ ಜಾಸ್ತಿ ಕಾಡುತ್ತದೆ. ರೋಗ ಬಿಟ್ಟು ರೋಗಿಯನ್ನ ಬದಲಿಸಿದ ಹಾಗಾಯ್ತು. ಬಿಡಿಭಾಗವೇ ಸಿಗದೆ ಗಾಡಿ ನಿಂತುಹೋಗಿದ್ದರೆ ಆಗ ಬೇರೆ ಮಾತು.

ಇದನ್ನ ಓದುತ್ತಿರುವ ಬೇರೆ ಹಳೇ ಗಾಡಿಯವರಿಗೂ ಒಂದು ಮಾತು. ಮಿಲಿಟರಿ ಅಂದ ಕೂಡಲೇ 24 ಅಂತ ತಿಳಿಯಬೇಡಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪ್ 6 ವೋಲ್ಟ್, ಆಮೇಲೆ 1950ರ ಹೊತ್ತಿಗೆ ಬಂದ ಅಮೆರಿಕದ ಎಂ38 ಜೀಪ್ 24 ವೋಲ್ಟ್. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವೇ ಬಾಡಿಗೆ ಇರುವುದೂ ಉಂಟು. ಮಿಲಿಟರಿಯ ಜೋಂಗಾ ಜೀಪ್ ಇರಲಿ, ಟ್ರಕ್ ಇರಲಿ, ಹಿಂದಿನ ಮಾಲೀಕರು ಏನೇನು ಮಾಡಿದ್ದಾರೋ ಗೊತ್ತಿರಲ್ಲ. ಅಳೆದು ನೋಡಿ ಕೇಬಲ್ ಹಾಕಿ. ತಿರುಗುಮುರುಗು ಆದರೆ ಆಲ್ಟರ್ನೇಟರ್‌ನ ಡಯೋಡ್ ಒಂದು ಕ್ಷಣದಲ್ಲಿ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ಮಾಸ್ಟರ್ ಸ್ವಿಚ್ ಆಫ್ ಮಾಡಿದರೂ ಅದೇ ಗತಿ.

ಮತ್ತೆ ನಿಮ್ಮ ಗಾಡಿಗೆ. ಅರ್ಥ್ ಹಾಕುವ ಪ್ರತಿ ಜಾಗದಲ್ಲೂ ಪೇಂಟ್ ಕೆರೆದು ಕಬ್ಬಿಣ ಬೆಳ್ಳಗೆ ಮಾಡಿ, ಲಗ್ ಇಟ್ಟು ಬಿಗಿಯಿರಿ, ಆಮೇಲೆ ಮೇಲಿನಿಂದ ವ್ಯಾಸಲಿನ್ ಬಳಿಯಿರಿ. ಮೊದಲೇ ಬಳಿದು ಬಿಗಿಯಬೇಡಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ, ಚಾಸಿಯಿಂದ ಬಾಡಿಗೆ, ಮೂರೂ ಬೇಕು. ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಅಡಿಗೆ ಸೋಡಾ ನೀರು, ಬ್ಯಾಟರಿ ಮುಚ್ಚಳ ಗಟ್ಟಿ ಹಾಕಿಕೊಂಡು, ಒಂದು ಹನಿಯೂ ಒಳಗೆ ಹೋಗಬಾರದು. ಕೆಲವರು ಕೂಲ್‌ಡ್ರಿಂಕ್ ಸುರಿಯುತ್ತಾರೆ, ಪುಡಿ ಹೋಗುತ್ತದೆ, ಅಂಟು ಉಳಿಯುತ್ತದೆ, ಅದಕ್ಕೆ ನಿಮ್ಮ ಮಿಲ್ಲಿನ ಧೂಳು ಮೆತ್ತಿಕೊಳ್ಳುತ್ತದೆ. ಖರ್ಚಿನಲ್ಲಿ ಇದೆಲ್ಲ ಸೇರಿದರೂ ಒಂದು ಬ್ಯಾಟರಿಯ ಬೆಲೆ ದಾಟಬಾರದು, ದಾಟಿದರೆ ಯಾಕೆ ಅಂತ ಕೇಳಿ.

ಹಾಂ, ಆ ಚೋಕ್ ವೈರ್. ಕೆಲಸ ಮಾಡುತ್ತಿದೆ ಅಂತ ಅದನ್ನೇ ವಾಪಸ್ ಹಾಕಬೇಡಿ. ಒಮ್ಮೆ ಅಷ್ಟು ಕಾದ ಮೇಲೆ ಒಳಗಿನ ಸ್ಲೀವ್ ಕರಗಿ ತಂತಿಗೆ ಅಂಟಿರುತ್ತದೆ, ಒಂದು ದಿನ ಎಳೆದ ಚೋಕ್ ವಾಪಸ್ ಹೋಗಲ್ಲ, ಗಾಡಿ ಕಪ್ಪು ಹೊಗೆ ಉಗುಳುತ್ತಾ ಪೆಟ್ರೋಲ್ ಕುಡಿಯುತ್ತದೆ, ಆಗ ಮತ್ತೊಬ್ಬರು ಕಾರ್ಬುರೇಟರ್ ಹೋಗಿದೆ ಅಂತಾರೆ. ಹೊಸದು ಹಾಕಿ. ಆಮೇಲೆ ನಾಲ್ಕು ಅಳತೆ ಬರೆದು ಕಳಿಸಿ: ರಾತ್ರಿ ನಿಂತ ಮೇಲೆ ಎರಡು ಬ್ಯಾಟರಿಯದು ಬೇರೆ ಬೇರೆ, ಸೆಲ್ಫ್ ಒತ್ತಿದಾಗ ಪಾಸಿಟಿವ್ ದಾರಿಯಲ್ಲಿ ಎಷ್ಟು, ಅರ್ಥ್ ದಾರಿಯಲ್ಲಿ ಎಷ್ಟು. ಅವು ಕೈಗೆ ಬಂದ ಮೇಲೆ ಸೆಲ್ಫ್ ಬಿಚ್ಚಬೇಕಾ ಬೇಡವಾ ಹೇಳುತ್ತೇನೆ.